ಮದುವೆಗೆ ಎರಡೂವರೆ ತಿಂಗಳಿದೆ, ಕೂದಲು ನಾಟಿ ಮಾಡಿಸಲಾ ಡಾಕ್ಟ್ರೇ?

ಈ ಅಂಕಣಕ್ಕೆ ಹುಳುಕಡ್ಡಿ, ಮೊಡವೆ, ತುರಿಕೆ ಎಲ್ಲದರ ಪ್ರಶ್ನೆಗಳೂ ಬರುತ್ತವೆ. ಆದರೆ ಗಂಡಸರ ಕೂದಲಿನ ಪ್ರಶ್ನೆಗಳು ಸುಗ್ಗಿಯಲ್ಲಿ ಕೋಲಾರದ ಮಂಡಿಗೆ ಬರುವ ಟೊಮೆಟೊ ಬಾಕ್ಸುಗಳ ಹಾಗೆ. ಒಂದು ಇಳಿಸುವಷ್ಟರಲ್ಲಿ ಹತ್ತು ಬಂದಿರುತ್ತವೆ. ಹೋದ ವಾರ ಒಂದೇ ಸಂಜೆ ನಾಲ್ಕು ಜನ ನನ್ನೆದುರು ಕ್ಯಾಪ್ ತೆಗೆದು ಕೂತರು. ನಾಲ್ವರೂ ಮೊದಲು ದೂರಿದ್ದು ನೀರನ್ನೇ. ಹಾಗಾಗಿ ನೀರಿನ ವಿಷಯ ಮೊದಲು ಮುಗಿಸಿಬಿಡುತ್ತೇನೆ.

ನಮ್ಮೂರ ಬೋರ್ ನೀರು ತುಂಬಾ ಗಡಸು. ಕೆ.ಸಿ. ವ್ಯಾಲಿ ನೀರು ಕೆರೆಗೆ ಬಂದ ಮೇಲೆ ಕೂದಲು ಇನ್ನೂ ಜಾಸ್ತಿ ಉದುರುತ್ತಿದೆ. ಫಿಲ್ಟರ್ ಹಾಕಿಸಲಾ? (28 ವರ್ಷ, ಕೋಲಾರ ತಾಲ್ಲೂಕು)

ಸ್ನಾನ ಮಾಡುವಾಗ ನೀರು ತಲೆಪೂರ್ತಿ ಬೀಳುತ್ತದೆ ಅಲ್ವಾ? ಹಾಗಾದರೆ ಹಣೆಯ ಎರಡು ಮೂಲೆ ಮತ್ತು ನೆತ್ತಿ ಮಾತ್ರ ಯಾಕೆ ಬೋಳಾಗುತ್ತವೆ? ಹಿಂದಲೆಗೆ ಬೇರೆ ನಲ್ಲಿ ಇದೆಯಾ? ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ ಇರುತ್ತದೆ. ಕೂದಲು ಒರಟಾಗಬಹುದು, ನಡುವೆ ತುಂಡಾಗಬಹುದು. ಬುಡ ಸಾಯುವುದಿಲ್ಲ. ಕೆ.ಸಿ. ವ್ಯಾಲಿ ಅಂದರೆ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕಳಿಸುವ ಯೋಜನೆ, ಆ ನೀರು ನಮ್ಮ ಕೆರೆಗಳಿಗೆ ಬರಲು ಶುರುವಾಗಿದ್ದು 2018ರಲ್ಲಿ. ಅದರ ಗುಣಮಟ್ಟದ ಬಗ್ಗೆ ಜಗಳ ಇದೆ, ಇರಲಿ, ಆಡಬೇಕಾದ ಜಗಳವೇ. ಆದರೆ ಅದಕ್ಕೂ ನಿಮ್ಮ ಬೊಕ್ಕತಲೆಗೂ ಸಂಬಂಧ ಇಲ್ಲ. ಬೋರ್ ನೀರಿನ ಫ್ಲೋರೈಡ್ ಬಗ್ಗೆ ಹೆದರುವುದಾದರೆ ಮಕ್ಕಳ ಹಲ್ಲು, ಮೂಳೆಗಾಗಿ ಹೆದರಿ.

ಇದೇ ಜಾತಿಯ ಇನ್ನೊಂದು ದೂರು ಬೆಂಗಳೂರಿನ ಪಿಜಿಗೆ ಹೋದ ಹುಡುಗರದ್ದು: "ಟ್ಯಾಂಕರ್ ನೀರು ತಾಗಿದ ಮೇಲೆ ಶುರುವಾಯ್ತು ಸರ್." ನೀವು ಪಿಜಿಗೆ ಹೋಗುವ ವಯಸ್ಸು 21, 22. ಗಂಡಸರ ಬೊಕ್ಕತಲೆ ಶುರುವಾಗುವುದೂ ಹೆಚ್ಚುಕಡಿಮೆ ಅದೇ ವಯಸ್ಸಿನಲ್ಲಿ. ಊರಲ್ಲೇ ಇದ್ದಿದ್ದರೂ ಉದುರುತ್ತಿತ್ತು.

ಹೆಲ್ಮೆಟ್ ಹಾಕಿದರೆ ಕೂದಲು ಉದುರುತ್ತದಾ?

ಇಲ್ಲ. ಹಾಕಿಕೊಳ್ಳಿ.

ತಿರುಪತಿಗೆ ಹೋಗಿ ಗುಂಡು ಹೊಡೆಸಿದರೆ ದಪ್ಪ ಬರುತ್ತಾ?

ದೇವರಿಗೆ ಹರಕೆ ಇದ್ದರೆ ಮುಡಿ ಕೊಡಿ. ಕತ್ತಿ ಓಡುವುದು ಚರ್ಮದ ಮೇಲೆ, ಬುಡ ಇರುವುದು ಚರ್ಮದ ಒಳಗೆ. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಹೊಸದಾಗಿ ಬಂದಾಗ ದಪ್ಪ ಅನ್ನಿಸುತ್ತದೆ, ಅಷ್ಟೇ.

ನನಗೆ 24 ವರ್ಷ, ಮಾಲೂರು ಹತ್ತಿರದ ಹಳ್ಳಿ. ಹಣೆ ಎರಡೂ ಕಡೆ ಮೇಲೆ ಹೋಗಿದೆ, ನೆತ್ತಿಯೂ ತೆಳುವಾಗಿದೆ. ಮದುವೆ ಗೊತ್ತಾಗಿದೆ, ಎರಡೂವರೆ ತಿಂಗಳಿದೆ. ಹೆಣ್ಣು ನೋಡಲು ಹೋದಾಗ ಹೇರ್ ಫೈಬರ್ ಪೌಡರ್ ಉದುರಿಸಿಕೊಂಡು ಹೋಗಿದ್ದೆ. ಬೆಂಗಳೂರಿನ ಒಂದು ಕಡೆ 45 ಸಾವಿರಕ್ಕೆ ಅನ್‌ಲಿಮಿಟೆಡ್ ಗ್ರಾಫ್ಟ್ ಹಾಕುತ್ತಾರಂತೆ, ಇಎಂಐ ಕೂಡ ಇದೆ. 10 ಸಾವಿರ ಮುಂಗಡ ಕೊಟ್ಟಿದ್ದೇನೆ. ಮಾಡಿಸಲಾ?

ಬೇಡ. ಆ 10 ಸಾವಿರ ಹೋಯಿತು ಅಂದುಕೊಳ್ಳಿ. ಅದನ್ನು ಉಳಿಸಲು ಹೋಗಿ ಹಿಂದಲೆ ಕಳಕೊಳ್ಳಬೇಡಿ.

ಮೊದಲು ನಿಮ್ಮ ಕ್ಯಾಲೆಂಡರ್ ಲೆಕ್ಕವನ್ನೇ ನೋಡೋಣ. ನಾಟಿ ಮಾಡಿದ ಕೂದಲು ಎರಡರಿಂದ ಆರು ವಾರದೊಳಗೆ ಬಹುಪಾಲು ಉದುರಿಹೋಗುತ್ತದೆ. ಗಾಬರಿಯಾಗುವಂಥದ್ದಲ್ಲ, ಬುಡ ಒಳಗೆ ಇರುತ್ತದೆ. ಮತ್ತೆ ಮೊಳಕೆ ಬರುವುದು ಮೂರು ನಾಲ್ಕು ತಿಂಗಳಿಗೆ. ಪೂರ್ತಿ ಫಲ ಕಾಣಲು ವರ್ಷ ಬೇಕು. ಅಂದರೆ ನೀವು ಬಾಸಿಂಗ ಕಟ್ಟಿಕೊಂಡು ಕೂರುವ ಹೊತ್ತಿಗೆ ತಲೆ ಈಗ ಇರುವ ಹಾಗೇ ಇರುತ್ತದೆ. ಇಲ್ಲವೇ ಇನ್ನೂ ಕೆಟ್ಟದಾಗಿರುತ್ತದೆ. ಯಾಕೆಂದರೆ ನಾಟಿಯ ಪೆಟ್ಟಿಗೆ ಅಕ್ಕಪಕ್ಕದ ಹಳೆಯ ಕೂದಲೂ ಕೆಲವು ತಿಂಗಳು ಉದುರಬಹುದು. ಮುಂಗಡ ಈಸಿಕೊಂಡವರು ಇದನ್ನು ಹೇಳಿದರಾ? ನಿಮ್ಮ ಪತ್ರ ಓದಿದರೆ ಹೇಳಿಲ್ಲ ಅಂತ ಕಾಣುತ್ತದೆ.

ಇನ್ನು ಅಸಲು ವಿಷಯ. ನೀವು ಒಕ್ಕಲುತನದ ಮನೆಯವರಾದರೆ ಬೇಗ ಅರ್ಥ ಆಗುತ್ತದೆ. ರಾಗಿಗೆ ಒಟ್ಲು ಬಿಡುತ್ತೀರಿ, ಪೈರು ಕಿತ್ತು ಹೊಲದಲ್ಲಿ ನಾಟಿ ಹಾಕುತ್ತೀರಿ. ಇಲ್ಲೂ ಹಾಗೇ. ಹಿಂದಲೆ ಮತ್ತು ಕಿವಿಯ ಮೇಲಿನ ಪಟ್ಟಿ ಒಟ್ಲು. ಮುಂದಲೆ, ನೆತ್ತಿ ಹೊಲ. ಟೆಸ್ಟೋಸ್ಟೆರಾನ್‌ನಿಂದ ದೇಹದಲ್ಲಿ ಡಿಎಚ್‌ಟಿ ಅನ್ನುವ ಹಾರ್ಮೋನ್ ತಯಾರಾಗುತ್ತದೆ. ಮುಂದಲೆಯ ಬುಡಗಳು ಹುಟ್ಟಿನಿಂದಲೇ ಅದಕ್ಕೆ ಸೋಲುವ ಜಾತಿ. ಕೂದಲು ವರ್ಷವರ್ಷಕ್ಕೆ ಸಣ್ಣದಾಗಿ ಕೊನೆಗೆ ನವಿರಾಗುತ್ತದೆ. ಹಿಂದಲೆಯ ಬುಡಗಳು ಸೋಲುವುದಿಲ್ಲ, ಕಿತ್ತು ಮುಂದೆ ನೆಟ್ಟರೂ ತಮ್ಮ ಗುಣ ಬಿಡುವುದಿಲ್ಲ. ಇದನ್ನು ನ್ಯೂಯಾರ್ಕಿನ ಚರ್ಮವೈದ್ಯ ನಾರ್ಮನ್ ಓರೆಂಟ್ರೈಶ್ 1950ರ ದಶಕದಲ್ಲೇ ಮಾಡಿ ತೋರಿಸಿದರು. ಇವತ್ತಿನ ಇಡೀ ವ್ಯಾಪಾರ ನಿಂತಿರುವುದು ಆ ಒಂದು ಗುಣದ ಮೇಲೆ.

ಆದರೆ ರಾಗಿಗೂ ತಲೆಗೂ ಒಂದು ವ್ಯತ್ಯಾಸ ಇದೆ. ಮುಂದಿನ ಮಳೆಗೆ ಮತ್ತೆ ಒಟ್ಲು ಬಿಡಬಹುದು. ತಲೆಯಲ್ಲಿ ಬಿಡಲಾಗದು. ಕಿತ್ತ ಜಾಗದಲ್ಲಿ ಇನ್ನೊಂದು ಕೂದಲು ಬರುವುದಿಲ್ಲ, ಚುಕ್ಕಿಯಂಥ ಕಲೆ ಉಳಿಯುತ್ತದೆ. ಒಂದು ಗ್ರಾಫ್ಟ್ ಅಂದರೆ ಒಂದರಿಂದ ನಾಲ್ಕು ಕೂದಲಿನ ಗುಂಪು. ಹೆಚ್ಚಿನವರ ಹಿಂದಲೆಯಿಂದ ಜೀವಮಾನಕ್ಕೆಲ್ಲ ಸೇರಿ ಐದಾರು ಸಾವಿರ ಗ್ರಾಫ್ಟ್ ತೆಗೆಯಬಹುದು. ಅದು ಮೀರಿದರೆ ಒಟ್ಲೇ ಬೋಳು. ಹೀಗಿರುವಾಗ "ಅನ್‌ಲಿಮಿಟೆಡ್" ಎಲ್ಲಿಂದ ಬರುತ್ತದೆ? ಇದೇನು ಎಲೆ ಊಟವಾ, ಬೇಕಾದಷ್ಟು ಬಡಿಸಲು?

ನಿಮಗೆ 24. ನಿಮ್ಮ ಬೊಕ್ಕತಲೆ ಎಲ್ಲಿ ನಿಲ್ಲುತ್ತದೆ ಅಂತ ಈಗ ಯಾರೂ ಹೇಳಲಾರರು. ನಾವು ಅದನ್ನು ಒಂದರಿಂದ ಏಳರವರೆಗಿನ ಹಂತಗಳಲ್ಲಿ ಅಳೆಯುತ್ತೇವೆ. ನಿಮ್ಮದು ಮೂರರ ಆಸುಪಾಸು ಇರಬಹುದು. ನಲವತ್ತಕ್ಕೆ ಅದು ನಾಲ್ಕಕ್ಕೇ ನಿಂತಿರಬಹುದು, ಆರಕ್ಕೂ ಹೋಗಿರಬಹುದು. ನಾಟಿ ಮಾಡಿದ್ದು ಉಳಿಯುತ್ತದೆ, ನಿಜ. ಅದರ ಹಿಂದಿನ ನಿಮ್ಮ ಸ್ವಂತ ಕೂದಲು ಉದುರುವುದನ್ನು ನಾಟಿ ನಿಲ್ಲಿಸುವುದಿಲ್ಲ. ಈ ಒಂದು ವಾಕ್ಯವನ್ನು ಕ್ಲಿನಿಕ್ಕಿನ ಗೋಡೆಗೆ ಬರೆಸಿ ಹಾಕೋಣ ಅಂತ ಎಷ್ಟೋ ಸಲ ಅನ್ನಿಸಿದೆ.

ಇದು ಹೇಗೆ ಕಾಣುತ್ತದೆ ಗೊತ್ತಾ? ನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಒಬ್ಬರು ಕಳೆದ ವರ್ಷ ಬಂದಿದ್ದರು. ವಯಸ್ಸು 37. ಬಾಗಿಲು ಹಾಕಿದ ಮೇಲೆಯೇ ಕ್ಯಾಪ್ ತೆಗೆದರು. ಹಣೆಯ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ಎರಡು ಬೆರಳಗಲ ಕೂದಲು, ಹದಿನಾರರ ಹುಡುಗನಿಗೆ ಇರುವಷ್ಟು ಕೆಳಗೆ. ಅದರ ಹಿಂದೆ ಬಯಲು. 23ರಲ್ಲಿ ಮಾಡಿಸಿದ್ದಂತೆ. ತಲೆ ತಿರುಗಿಸಿ ಹಿಂದೆ ನೋಡಿದೆ. ನುಸಿ ತಿಂದ ಕಂಬಳಿ. ಪೂರ್ತಿ ಬೋಳಿಸೋಣ ಅಂದರೆ ಬಿಳಿ ಚುಕ್ಕಿ ಎದ್ದು ಕಾಣುತ್ತವೆ, ಮತ್ತೆ ತುಂಬಿಸೋಣ ಅಂದರೆ ಹಿಂದೆ ಉಳಿದಿಲ್ಲ. ಅವರು ಕೇಳಿದ್ದು ಒಂದೇ: "ಮುಂದಿರೋದನ್ನ ವಾಪಸ್ ತೆಗೆಯೋಕಾಗುತ್ತಾ ಸರ್?" ಆಗುತ್ತದೆ. ಹಾಕಿಸಿದ್ದಕ್ಕಿಂತ ಜಾಸ್ತಿ ಖರ್ಚು ಆಗುತ್ತದೆ.

ಹಾಗಾದರೆ ಏನು ಮಾಡಬೇಕು? ಚರ್ಮವೈದ್ಯರ ಹತ್ತಿರ ಹೋಗಿ ಔಷಧಿ ಶುರು ಮಾಡಿ, ಒಂದು ವರ್ಷ ಬಿಡದೆ ಮಾಡಿ. ಶೇ 5ರ ಮಿನಾಕ್ಸಿಡಿಲ್ ಲೋಷನ್, ಒಂದು ಮಿಲಿಯಂತೆ ದಿನಕ್ಕೆರಡು ಸಲ, ಕೂದಲಿಗಲ್ಲ, ಚರ್ಮಕ್ಕೆ. ಮೊದಲ ಒಂದೆರಡು ತಿಂಗಳು ಉದುರುವುದು ಜಾಸ್ತಿಯಾಗುತ್ತದೆ. ಹಳೆ ಕೂದಲು ಜಾಗ ಬಿಡುತ್ತಿದೆ ಅಂತ ಅರ್ಥ. ಹತ್ತರಲ್ಲಿ ಆರು ಜನ ನನ್ನ ಮಾತು ಕೇಳದೆ ಅಲ್ಲಿಗೇ ಬಾಟಲಿ ಬಿಸಾಡಿ, ಆರು ತಿಂಗಳಾದ ಮೇಲೆ ಬಂದು ನನ್ನನ್ನೇ ಬೈಯುತ್ತಾರೆ. ಮನೆಯಲ್ಲಿ ಬೆಕ್ಕಿದ್ದರೆ ನಿಮ್ಮ ದಿಂಬಿನ ಹತ್ತಿರ ಬಿಡಬೇಡಿ, ಈ ಲೋಷನ್ ಬೆಕ್ಕಿಗೆ ವಿಷ.

ಎರಡನೆಯದು ಫಿನಾಸ್ಟೆರೈಡ್ 1 ಮಿಲಿಗ್ರಾಂ ಮಾತ್ರೆ. ಡಿಎಚ್‌ಟಿ ತಯಾರಾಗುವುದನ್ನು ಇದು ತಗ್ಗಿಸುತ್ತದೆ. ಅಮೆರಿಕದಲ್ಲಿ 1997ರಲ್ಲೇ ಗಂಡಸರ ಬೊಕ್ಕತಲೆಗೆ ಒಪ್ಪಿಗೆ ಸಿಕ್ಕ ಔಷಧಿ. ಒಳ್ಳೆಯದೇ, ಆದರೆ ಮೆಡಿಕಲ್ ಸ್ಟೋರಿನಲ್ಲಿ ಗೆಳೆಯನ ಹೆಸರು ಹೇಳಿ ತರುವ ಮಾತ್ರೆಯಲ್ಲ. ಸ್ವಲ್ಪ ಜನರಿಗೆ ಲೈಂಗಿಕ ಆಸಕ್ತಿ ಕಡಿಮೆಯಾಗುತ್ತದೆ, ಕೆಲವರಿಗೆ ಮನಸ್ಸು ಕುಗ್ಗುತ್ತದೆ. ನಿಮ್ಮದು ಹೊಸ ಮದುವೆ. ನಾನಾದರೆ ಮದುವೆಯಾಗಿ ಒಂದೆರಡು ತಿಂಗಳಾಗಲಿ ಎಂದು ಕಾಯುತ್ತೇನೆ, ಇಲ್ಲದ ಭಯಕ್ಕೆಲ್ಲ ಮಾತ್ರೆ ಹೊಣೆಯಾಗುವುದು ಬೇಡ. ನನ್ನ ಸಹೋದ್ಯೋಗಿಗಳು ಇದನ್ನು ಅತಿಯಾದ ಎಚ್ಚರ ಅನ್ನುತ್ತಾರೆ, ಅನ್ನಲಿ. ಮಗು ಬೇಕು ಅನ್ನುವ ಸಮಯದಲ್ಲಿ ವೈದ್ಯರಿಗೆ ತಿಳಿಸಿ. ಗರ್ಭಿಣಿಯರು ಪುಡಿಯಾದ ಮಾತ್ರೆಯನ್ನು ಮುಟ್ಟಬಾರದು. ಮಾತ್ರೆ ತೆಗೆದುಕೊಳ್ಳುವಾಗ ರಕ್ತದಾನ ಬೇಡ, ಬಿಟ್ಟ ಮೇಲೂ ಒಂದು ತಿಂಗಳು ಬೇಡ.

ಎರಡೂ ಔಷಧಿಗಳು ಬಿಟ್ಟರೆ ಗಳಿಸಿದ್ದು ಕೆಲವು ತಿಂಗಳಲ್ಲಿ ಹೋಗುತ್ತದೆ. "ಜೀವನಪೂರ್ತಿನಾ?" ಅಂತ ಮುಖ ಸಪ್ಪೆ ಮಾಡುತ್ತಾರೆ. ದಿನಾ ಗಡ್ಡ ಬೋಳಿಸಿಕೊಳ್ಳುವುದಿಲ್ಲವೇ.

ತಿಂಗಳಿಗೊಮ್ಮೆ ಒಂದೇ ಬೆಳಕಿನಲ್ಲಿ, ಒಂದೇ ಜಾಗದಲ್ಲಿ ನಿಂತು ತಲೆಯ ಫೋಟೋ ತೆಗೆಸಿಟ್ಟುಕೊಳ್ಳಿ. ಕನ್ನಡಿ ದಿನಾ ನೋಡಿದರೆ ಏನೂ ತಿಳಿಯುವುದಿಲ್ಲ. ವರ್ಷದ ಮೇಲೆ ಉದುರುವುದು ನಿಂತಿದ್ದರೆ, ಆಗಲೂ ನಾಟಿ ಬೇಕೆನಿಸಿದರೆ, ಬನ್ನಿ, ಮಾತಾಡೋಣ. ಮೂವತ್ತರ ಹತ್ತಿರ ಬಂದರೆ ಇನ್ನೂ ಒಳ್ಳೆಯದು.

ಆಗ ಕ್ಲಿನಿಕ್ಕಿನಲ್ಲಿ ಎಷ್ಟು ಗ್ರಾಫ್ಟ್, ಎಷ್ಟು ದುಡ್ಡು ಅನ್ನುವ ಮುಂಚೆ ಒಂದು ಪ್ರಶ್ನೆ ಕೇಳಿ: ಕೈಯಿಟ್ಟು ಮಾಡುವವರು ಯಾರು? ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರ ಸೆಪ್ಟೆಂಬರ್‌ನಲ್ಲೇ ಹೇಳಿದೆ, ಇದನ್ನು ಸರಿಯಾದ ತರಬೇತಿ ಪಡೆದ ನೋಂದಾಯಿತ ವೈದ್ಯರೇ ಮಾಡಬೇಕು, ಯೂಟ್ಯೂಬ್ ನೋಡಿ, ವರ್ಕ್‌ಶಾಪಿಗೆ ಹೋಗಿ ಕಲಿತರೆ ಸಾಲದು ಅಂತ. ನಡೆಯುತ್ತಿರುವುದು ಬೇರೆ. ಬೋರ್ಡಿನಲ್ಲಿ ಡಾಕ್ಟರ ಹೆಸರು, ಟೇಬಲ್ ಹತ್ತಿರ ಆರು ತಿಂಗಳ ಹಿಂದೆ ಕೆಲಸಕ್ಕೆ ಸೇರಿದ ಹುಡುಗ. ಆರೆಂಟು ಗಂಟೆಯ ಕೆಲಸ ಇದು. ಮರಗಟ್ಟಿಸಲು ಕೊಡುವ ಲಿಗ್ನೋಕೇನ್‌ಗೆ ಮೈತೂಕದ ಲೆಕ್ಕ ಇದೆ. ಅಡ್ರಿನಲಿನ್ ಜೊತೆ ಕೊಟ್ಟರೂ ಕೆಜಿಗೆ ಸುಮಾರು 7 ಮಿಲಿಗ್ರಾಂ ದಾಟಬಾರದು. ದಾಟಿದರೆ ಫಿಟ್ಸ್ ಬರಬಹುದು, ಹೃದಯ ನಿಲ್ಲಬಹುದು. ಆ ಹುಡುಗನಿಗೆ ನಿಮ್ಮ ತೂಕ ಗೊತ್ತಾ? ಬಿಪಿ, ಶುಗರ್, ಅಲರ್ಜಿ ಕೇಳದೆ, ರಕ್ತಪರೀಕ್ಷೆ ಮಾಡಿಸದೆ ನೇರ ತಾರೀಖು ಕೊಡುವ ಕಡೆಯಿಂದ ಎದ್ದು ಬನ್ನಿ. 45 ಸಾವಿರಕ್ಕೆ ಹೇಗೆ ಸಾಧ್ಯ ಆಗುತ್ತದೆ ಅಂದರೆ, ಹೀಗೆ.

ಫೈಬರ್ ಪೌಡರ್ ವಿಷಯ ನನ್ನ ವಿಭಾಗವಲ್ಲ. ಆದರೂ ಆ ಹುಡುಗಿಗೆ ಈಗಲೇ ಹೇಳಿಬಿಡಿ. ಅರಿಶಿಣದ ನೀರು ಹಾಕುವ ದಿನ ಅದು ತಾನಾಗೇ ಇಳಿದು ಕಿವಿಯ ಪಕ್ಕ ಹರಿಯುತ್ತದೆ.

ತಲೆಯಲ್ಲಿ ರೂಪಾಯಿ ನಾಣ್ಯದಷ್ಟು ಅಗಲ ಬೋಳಾಗಿದೆ. ಹುಳ ತಿಂದಿದೆ ಅಂತ ಊರಲ್ಲಿ ಗುಲಗಂಜಿ ಅರೆದು ಹಚ್ಚಿದ್ದಾರೆ. ಈಗ ಉರಿ, ನೀರು ಸೋರುತ್ತಿದೆ. (31, ಶ್ರೀನಿವಾಸಪುರ)

ಹುಳವೂ ಇಲ್ಲ, ನಿಮ್ಮ ಕಡೆ ತೆಲುಗಿನಲ್ಲಿ ಪೇನುಕೊರುಕುಡು ಅನ್ನುತ್ತಾರಲ್ಲ, ಆ ಹೇನೂ ಇಲ್ಲ. ದೇಹದ ರಕ್ಷಣಾ ಪಡೆಯೇ ತಪ್ಪಿ ಕೂದಲ ಬುಡದ ಮೇಲೆ ಬೀಳುವ ಕಾಯಿಲೆ ಇದು. ಸಣ್ಣ ಮಚ್ಚೆಗಳು ಎಷ್ಟೋ ಸಲ ತಾವಾಗೇ ತುಂಬಿಕೊಳ್ಳುತ್ತವೆ. ಆಗ ಹೆಸರು ಗುಲಗಂಜಿ ಹಚ್ಚಿದವನಿಗೆ. ಗುಲಗಂಜಿ ಬೀಜದಲ್ಲಿರುವ ಅಬ್ರಿನ್ ಕಡು ವಿಷ. ಅರೆದದ್ದನ್ನು ಹಸಿ ಗಾಯದ ಮೇಲೆ ಹಚ್ಚುತ್ತಾರಲ್ಲ, ಇವರಿಗೆ ಏನು ಹೇಳುವುದು? ತಲೆ ತೊಳೆದು ಇವತ್ತೇ ಹತ್ತಿರದ ಆಸ್ಪತ್ರೆಗೆ ಹೋಗಿ. ಮಿಕ್ಕ ಬೀಜ ಮಕ್ಕಳ ಕೈಗೆ ಸಿಗದ ಹಾಗೆ ಬಿಸಾಡಿ.

ಈರುಳ್ಳಿ ರಸ, ಗರುಗದ ಸೊಪ್ಪಿನ ಎಣ್ಣೆ, ಆದಿವಾಸಿ ಎಣ್ಣೆ: ಯಾವುದು ಬೆಸ್ಟ್?

ಬೋಳಾದ ಜಾಗದಲ್ಲಿ ಯಾವುದೂ ಕೂದಲು ಬೆಳೆಸುವುದಿಲ್ಲ. ಈರುಳ್ಳಿಯನ್ನು ಸಾರಿಗೆ ಹಾಕಿ.

ನಮ್ಮಮ್ಮನ ಅಪ್ಪನಿಗೆ ಬೊಕ್ಕತಲೆ. ನನಗೂ ಬರುತ್ತಾ?

ಬರಬಹುದು. ಅಮ್ಮನ ಕಡೆಯಿಂದ ಬರುವ ಒಂದು ಜೀನ್‌ಗೆ ಬಲ ಜಾಸ್ತಿ, ನಿಜ. ಅಪ್ಪನ ಕಡೆಯಿಂದಲೂ ಬೇಕಾದಷ್ಟು ಬರುತ್ತವೆ. ತಾತನನ್ನು ಒಬ್ಬರನ್ನೇ ಬೈಯಬೇಡಿ.

ಬಯೋಟಿನ್ ಮಾತ್ರೆ?

ಕೊರತೆ ಇಲ್ಲದವರಿಗೆ ಬೇಡ. ತೆಗೆದುಕೊಳ್ಳುತ್ತಿದ್ದರೆ ಥೈರಾಯ್ಡ್ ಪರೀಕ್ಷೆಗೆ ರಕ್ತ ಕೊಡುವ ಮುಂಚೆ ಲ್ಯಾಬಿನವರಿಗೆ ತಿಳಿಸಿ, ರಿಪೋರ್ಟ್ ತಪ್ಪು ಬರಬಹುದು. ಇದರಿಂದ ಇಲ್ಲದ ಥೈರಾಯ್ಡ್ ಕಾಯಿಲೆ ಹೊತ್ತುಕೊಂಡು ಬಂದವರನ್ನು ನೋಡಿದ್ದೇನೆ.

ಡೆಂಗಿ ವಾಸಿಯಾಗಿ ಎರಡೂವರೆ ತಿಂಗಳಾಯಿತು. ಈಗ ಬಾಚಣಿಗೆ ತುಂಬಾ ಕೂದಲು. ನನಗೂ ನಾಟಿ ಬೇಕಾಗುತ್ತಾ? (35, ಬಂಗಾರಪೇಟೆ)

ಬೇಕಿಲ್ಲ. ಜೋರು ಜ್ವರ ಬಂದಾಗ ತುಂಬಾ ಬುಡಗಳು ಒಟ್ಟಿಗೆ ವಿಶ್ರಾಂತಿಗೆ ಹೋಗುತ್ತವೆ, ಎರಡು ಮೂರು ತಿಂಗಳಾದ ಮೇಲೆ ಒಟ್ಟಿಗೆ ಕೂದಲು ಬಿಡುತ್ತವೆ. ಬುಡ ಗಟ್ಟಿಯಾಗಿಯೇ ಇರುತ್ತದೆ. ಆರು ತಿಂಗಳೊಳಗೆ ಬಹುತೇಕ ಸರಿಹೋಗುತ್ತದೆ, ಊಟ ಸರಿಯಾಗಿ ಮಾಡಿ. ಆಮೇಲೂ ನಿಲ್ಲದಿದ್ದರೆ ಬನ್ನಿ. ಬರುವಾಗ ಉದುರಿದ ಕೂದಲನ್ನು ಕವರಿನಲ್ಲಿ ತುಂಬಿ ತರಬೇಡಿ. ಡೆಂಗಿಗೆ ಸೇರಿದ್ದಾಗಿನ ಡಿಸ್ಚಾರ್ಜ್ ಚೀಟಿ ತನ್ನಿ.