ಎರಡು ಸಾವಿರದ ಕಂತು, ಬಿತ್ತನೆಯ ಹೊತ್ತು

ನಾಲ್ಕು ತಿಂಗಳಿಗೊಮ್ಮೆ ಬರುವ ಎರಡು ಸಾವಿರ ರೂಪಾಯಿಯಿಂದ ಊರಿನಲ್ಲಿರುವ ನಿಮ್ಮ ಅಣ್ಣನವರ ಸಂಸಾರಕ್ಕೆ ಏನಾದೀತು ಎಂದು ಕೇಳಿದ್ದೀರಿ. 2019ರಲ್ಲಿ ಆರಂಭವಾದ ಪಿಎಂ ಕಿಸಾನ್ ಯೋಜನೆಯ ವರ್ಷದ 6,000 ರೂಪಾಯಿಯಿಂದ ಹಳೆಯ ಸಾಲ ತೀರುವುದಿಲ್ಲವಾದರೂ, ಹೊಸ ಉದ್ರಿ ತಪ್ಪಬಹುದು. ನಾನು ಪುಣೆಯಲ್ಲಿದ್ದರೂ ಇಂಡಿ ತಾಲೂಕಿನ ನಮ್ಮ ಮನೆಯ ಲೆಕ್ಕ ಬಲ್ಲೆ: ತೊಗರಿ ಬಿತ್ತುವ ಮುನ್ನ ಕಂತು ಜಮೆಯಾದರೆ ಅಪ್ಪ ಬೀಜ, ಗೊಬ್ಬರವನ್ನು ನಗದು ಕೊಟ್ಟು ತರುತ್ತಾರೆ, ತಡವಾದ ವರ್ಷ ಅಂಗಡಿಯಲ್ಲಿ ಉದ್ರಿ ಬರೆಸಿ, ರಾಶಿಯಾದ ಮೇಲೆ ಆ ಅಂಗಡಿಯವರು ಹೇಳಿದ ದರಕ್ಕೇ ಕಾಳು ಅಳೆದುಕೊಡಬೇಕಾಗುತ್ತದೆ. ಅವ್ವನ ಖಾತೆಗೆ ಬರುವ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿಯನ್ನು ನಾನು ಇನ್ನೂ ಹೆಚ್ಚಿನದೆಂದು ಎಣಿಸುತ್ತೇನೆ, ಏಕೆಂದರೆ ಬಿಪಿ ಗುಳಿಗೆಗೆ ಆಕೆ ಈಗ ಯಾರ ಮುಂದೆಯೂ ಕೈಯೊಡ್ಡುವುದಿಲ್ಲ. ಜಮೀನು ಇನ್ನೂ ತೀರಿಕೊಂಡ ನಿಮ್ಮ ತಂದೆಯವರ ಹೆಸರಿನಲ್ಲೇ ಇದ್ದರೆ, ಪಿಎಂ ಕಿಸಾನ್ ಕಂತು ಸಿಗಲು ಮೊದಲು ಪಹಣಿಯನ್ನು ಅಣ್ಣನವರ ಹೆಸರಿಗೆ ಮಾಡಿಸಿ, ಇ-ಕೆವೈಸಿ (ಆಧಾರ್ ಮೂಲಕ ಗುರುತಿನ ದೃಢೀಕರಣ) ಮುಗಿಸಿರಿ.