ಅಮೆರಿಕದ ಕಾರಿಗೆ ಡೀಸೆಲ್ ಯಾಕೆ ಒಗ್ಗಲಿಲ್ಲ?

ತಿಪಟೂರಿನ ಓದುಗರೊಬ್ಬರ ಪತ್ರ: "ಮಗಳ ಮನೆಗೆಂದು ಟೆಕ್ಸಾಸ್‌ಗೆ ಹೋಗಿ ನಾಲ್ಕು ತಿಂಗಳು ಇದ್ದು ಬಂದೆ. ನಾನು ಮೂವತ್ತು ವರ್ಷ ಡೀಸೆಲ್ ಗಾಡಿ ರಿಪೇರಿ ಮಾಡಿದವನು. ಅಲ್ಲಿ ಬಂಕಿನಲ್ಲಿ ಡೀಸೆಲ್ ಇದೆ, ಆದರೆ ಡೀಸೆಲ್ ಹಾಕಿಸುವ ಕಾರೇ ಕಾಣಲಿಲ್ಲ. ದಿನಕ್ಕೆ ನೂರು ಕಿಲೋಮೀಟರ್ ಓಡಿಸುವ ಜನ ಮೈಲೇಜ್ ಕೊಡುವ ಡೀಸೆಲ್ ಬಿಟ್ಟು ಪೆಟ್ರೋಲ್ ಸುಡುತ್ತಾರಲ್ಲ, ಯಾಕೆ? ಇದು ಪೆಟ್ರೋಲ್ ಕಂಪನಿಗಳ ಕೈವಾಡವೇ? ಇಲ್ಲ, ದುಡ್ಡು ಜಾಸ್ತಿಯಾಗಿಯೇ? ಪಕ್ಕದ ಮನೆಯವರ ಪಿಕಪ್ ಮಾತ್ರ ನಮ್ಮ ಲಾರಿ ಥರವೇ ಸದ್ದು ಮಾಡುತ್ತಿತ್ತು. ಅದಕ್ಕೊಂದಕ್ಕೆ ಡೀಸೆಲ್ ಹೇಗೆ ಬಂತು?"

ಮಾನ್ಯರೇ,

ನಿಮ್ಮ ಪತ್ರ ಓದಿ ಖುಷಿಯಾಯಿತು. ಬೇರೆ ದೇಶಕ್ಕೆ ಹೋದವರು ಜಲಪಾತ ನೋಡಿ ಬರುತ್ತಾರೆ, ಬಂಕಿನ ಪೈಪು ನೋಡಿ ಬರುವವರು ಅಪರೂಪ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಕೈವಾಡ ಅಲ್ಲ. ಅಮೆರಿಕದವರಿಗೆ ಡೀಸೆಲ್ ಗೊತ್ತಿಲ್ಲ ಅಂತಲೂ ಅಲ್ಲ. ಅವರ ಲಾರಿ, ಟ್ರ್ಯಾಕ್ಟರ್, ಗೂಡ್ಸ್ ರೈಲು ಓಡುವುದೇ ಡೀಸೆಲ್ಲಿನಲ್ಲಿ. ಕಾರಿಗೂ ಒಮ್ಮೆ ಬಂದಿತ್ತು. 1981ರಲ್ಲಿ ಅಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ನೂರಕ್ಕೆ ಸುಮಾರು ಆರು ಡೀಸೆಲ್ ಆಗಿದ್ದವು. ಬಂದಿದ್ದು ನಿಲ್ಲಲಿಲ್ಲ, ಅಷ್ಟೇ.

ಮೊದಲು ರೇಟಿನ ವಿಷಯ ಮುಗಿಸಿಬಿಡೋಣ. ನಮ್ಮಲ್ಲಿ ಜನ ಡೀಸೆಲ್ ಕಾರಿಗೆ ಮುಗಿಬಿದ್ದಿದ್ದು ಯಾಕೆ ಅಂತ ನಿಮಗೆ ನೆನಪಿದೆ. 2012ರ ಮಧ್ಯದಲ್ಲಿ ಒಂದು ಹಂತದಲ್ಲಿ ಪೆಟ್ರೋಲಿಗೂ ಡೀಸೆಲ್ಲಿಗೂ ಲೀಟರಿಗೆ 30 ರೂಪಾಯಿ ದಾಟಿದ ವ್ಯತ್ಯಾಸವಿತ್ತು. ರೈತರಿಗೆ, ಲಾರಿಗೆ ಅಂತ ಸರ್ಕಾರ ಅಗ್ಗ ಮಾಡಿದ ಡೀಸೆಲ್ಲನ್ನು ಕಾರಿನವರೂ ಹಾಕಿಸಿಕೊಂಡರು. ಯುರೋಪಿನ ಹೆಚ್ಚಿನ ದೇಶಗಳಲ್ಲೂ ಡೀಸೆಲ್ ಮೇಲೆ ತೆರಿಗೆ ಕಡಿಮೆ. ಅಮೆರಿಕದಲ್ಲಿ ಉಲ್ಟಾ. ಅಲ್ಲಿನ ಕೇಂದ್ರ ಸರ್ಕಾರ ಒಂದು ಗ್ಯಾಲನ್ ಪೆಟ್ರೋಲಿಗೆ 18.4 ಸೆಂಟ್ ತೆರಿಗೆ ಹಾಕಿದರೆ ಡೀಸೆಲ್ಲಿಗೆ 24.4 ಸೆಂಟ್ ಹಾಕುತ್ತದೆ. ಒಂದು ಗ್ಯಾಲನ್ ಅಂದರೆ ಸುಮಾರು 3.8 ಲೀಟರ್. ಡೀಸೆಲ್ ತೆರಿಗೆ ಪೆಟ್ರೋಲಿಗಿಂತ ಮೇಲೆ ಹೋಗಿದ್ದು 1984ರ ಕಾನೂನಿನಿಂದ. ಭಾರದ ಲಾರಿಗಳು ರಸ್ತೆ ಹಾಳುಮಾಡುತ್ತವೆ, ಅದರ ಖರ್ಚು ಅವರಿಂದಲೇ ಬರಲಿ ಅನ್ನುವುದು ಲೆಕ್ಕ. ಲಾರಿಗೆ ಹಾಕಿದ ತೆರಿಗೆ ಡೀಸೆಲ್ ಕಾರಿನವನ ತಲೆಗೂ ಬಂತು.

ಅಲ್ಲಿನ ರಿಫೈನರಿಗಳನ್ನು ಕಟ್ಟಿರುವುದೂ ಪೆಟ್ರೋಲ್ ಜಾಸ್ತಿ ತೆಗೆಯುವ ಹಾಗೆ. 42 ಗ್ಯಾಲನ್‌ನ ಒಂದು ಬ್ಯಾರೆಲ್ ಕಚ್ಚಾ ತೈಲದಿಂದ 19-20 ಗ್ಯಾಲನ್ ಪೆಟ್ರೋಲ್ ಬರುತ್ತದೆ, ಡೀಸೆಲ್ 11-12 ಗ್ಯಾಲನ್. 2004ರಿಂದ ಈಚೆಗೆ ಅಲ್ಲಿ ಡೀಸೆಲ್ ಬೆಲೆ ಹೆಚ್ಚುಕಮ್ಮಿ ಯಾವಾಗಲೂ ಪೆಟ್ರೋಲಿಗಿಂತ ಮೇಲೆಯೇ ಇದೆ. ಡೀಸೆಲ್ ಕಾರು ಕಾಲುಭಾಗ ಜಾಸ್ತಿ ಮೈಲೇಜ್ ಕೊಟ್ಟರೂ ಅದರಲ್ಲಿ ಒಂದು ಪಾಲು ಬಂಕಿನಲ್ಲೇ ಹೋಗುತ್ತದೆ. ಕಾರಿನ ಬೆಲೆ ಬೇರೆ ಜಾಸ್ತಿ. ದುಡ್ಡು ಹೆಚ್ಚಾಗಿ ಪೆಟ್ರೋಲ್ ಸುಡುತ್ತಿಲ್ಲ ಅವರು. ಕೂಡಿ ಕಳೆದು ನೋಡಿದರೆ ಉಳಿತಾಯವೇ ಕಾಣುವುದಿಲ್ಲ.

ಈಗ ನಿಮ್ಮ ಕಸುಬಿಗೆ ಹತ್ತಿರದ ಕಥೆಗೆ ಬರುತ್ತೇನೆ.

1973ರಲ್ಲಿ ಅರಬ್ ದೇಶಗಳು ಎಣ್ಣೆ ಕೊಡುವುದು ನಿಲ್ಲಿಸಿದಾಗ ಅಮೆರಿಕದ ಬಂಕುಗಳ ಮುಂದೆ ಮೈಲುದ್ದ ಸಾಲು ನಿಂತಿತು. 1975ರಲ್ಲಿ ಕಾರುಗಳ ಮೈಲೇಜ್ ಹೆಚ್ಚಿಸಲೇಬೇಕು ಅಂತ ಕಾನೂನು ಬಂತು. ದೊಡ್ಡ ಕಾರು ಮಾರಿ ಬದುಕುತ್ತಿದ್ದ ಜನರಲ್ ಮೋಟರ್ಸ್‌ಗೆ ಡೀಸೆಲ್ ಒಂದು ದಾರಿ ಅನ್ನಿಸಿತು. 1978ರ ಮಾಡೆಲ್‌ಗೆ ಅದರ ಓಲ್ಡ್ಸ್‌ಮೊಬೈಲ್ ವಿಭಾಗ 5.7 ಲೀಟರಿನ ವಿ8 ಡೀಸೆಲ್ ಎಂಜಿನ್ ತಂದಿತು. ಆಮೇಲೆ ಅದೇ ಎಂಜಿನ್ ಬ್ಯೂಕ್, ಪಾಂಟಿಯಾಕ್, ಕ್ಯಾಡಿಲ್ಯಾಕ್‌ಗಳಿಗೂ ಬಂತು.

ಪೆಟ್ರೋಲ್ ಎಂಜಿನ್ನನ್ನೇ ಡೀಸೆಲ್ ಮಾಡಿ ಮಾರಿದರು ಅಂತ ಇವತ್ತಿಗೂ ಹೇಳುತ್ತಾರೆ. ಅದು ಪೂರ್ತಿ ಸರಿಯಲ್ಲ. ಎಂಜಿನ್ನಿನ ಮೈಯಾದ ಬ್ಲಾಕನ್ನು ಹೊಸದಾಗಿ, ದಪ್ಪವಾಗಿ ಎರಕ ಹೊಯ್ದಿದ್ದರು. ಎಷ್ಟು ಗಟ್ಟಿ ಅಂದರೆ ಮುಂದೆ ರೇಸಿನವರು ಅದೇ ಬ್ಲಾಕ್ ಹುಡುಕಿ ತಂದು ಪೆಟ್ರೋಲ್ ಎಂಜಿನ್ ಕಟ್ಟಿಕೊಂಡರು. ಎಡವಿದ್ದು ಸಿಲಿಂಡರುಗಳ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡಿನಲ್ಲಿ. ಕಾರ್ಖಾನೆಯ ಹಳೆ ಮೆಷಿನ್‌ಗಳಲ್ಲೇ ಕೆಲಸ ಆಗಲಿ ಅಂತ ಪೆಟ್ರೋಲ್ ಎಂಜಿನ್ನಿನ ಹಾಗೆಯೇ ಒಂದೊಂದು ಹೆಡ್ಡಿಗೆ ಹತ್ತೇ ಬೋಲ್ಟ್ ಇಟ್ಟರು, ಅದೇ ಜಾಗಗಳಲ್ಲಿ. ಆ ಪೆಟ್ರೋಲ್ ಎಂಜಿನ್ನಿನ ಕಂಪ್ರೆಶನ್, ಅಂದರೆ ಪಿಸ್ಟನ್ ಗಾಳಿಯನ್ನು ಅದುಮುವ ಪ್ರಮಾಣ, ಎಂಟಕ್ಕೆ ಒಂದರ ಆಸುಪಾಸು. ಈ ಡೀಸೆಲ್‌ನದು 22.5ಕ್ಕೆ ಒಂದು. ಆ ಒತ್ತಡಕ್ಕೆ ಹತ್ತು ಬೋಲ್ಟ್ ಸಾಕೇ? ನಿಮಗೆ ನಾನು ಹೇಳಬೇಕಿಲ್ಲ.

ಬೋಲ್ಟ್‌ಗಳು ಎಳೆದುಕೊಂಡವು. ಹೆಡ್ಡಿಗೂ ಬ್ಲಾಕಿಗೂ ನಡುವಿನ ಹೆಡ್ ಗ್ಯಾಸ್ಕೆಟ್ ಹೋಯಿತು. ರೇಡಿಯೇಟರಿನ ನೀರು ಸಿಲಿಂಡರಿಗೆ ಇಳಿಯಿತು. ನೀರು ಗಾಳಿಯಂತೆ ಅದುಮಿಕೊಳ್ಳುವುದಿಲ್ಲ ಅಲ್ವಾ, ಮೇಲೆ ಬಂದ ಪಿಸ್ಟನ್ ಒಡೆಯಿತು, ಇಲ್ಲವೇ ಕನೆಕ್ಟಿಂಗ್ ರಾಡ್ ಬಾಗಿತು. ಮೆಕ್ಯಾನಿಕ್‌ಗಳಿಗೆ ಡೀಸೆಲ್ ಹೊಸದು. ಹೊಸ ಗ್ಯಾಸ್ಕೆಟ್ ಹಾಕಿ, ಎಳೆದು ಉದ್ದವಾಗಿದ್ದ ಹಳೆ ಬೋಲ್ಟ್‌ಗಳನ್ನೇ ಮತ್ತೆ ಬಿಗಿದು ಕಳಿಸಿದರು. ಕಾರು ಮತ್ತೆ ಅದೇ ಶೆಡ್ಡಿಗೆ ಬಂತು.

ಇನ್ನೊಂದು ತಪ್ಪು ಇದಕ್ಕಿಂತ ಸಣ್ಣದು, ಆದರೆ ಅಷ್ಟೇ ದುಬಾರಿ. ಡೀಸೆಲ್ಲಿನ ಜೊತೆ ಬರುವ ನೀರನ್ನು ಬೇರೆ ಮಾಡುವ ವಾಟರ್ ಸೆಪರೇಟರ್ ಅನ್ನೇ ಕೊಟ್ಟಿರಲಿಲ್ಲ. ನೀರು ಹೋಗಿ ಇಂಜೆಕ್ಷನ್ ಪಂಪು ತುಕ್ಕು ಹಿಡಿಯಿತು. ಪೆಟ್ರೋಲ್ ಕಾರಿನ ಅಭ್ಯಾಸದವರು ಟ್ಯಾಂಕಿನ ನೀರಿಗೆ ಮದ್ದು ಅಂತ ಆಲ್ಕೋಹಾಲ್ ಸುರಿದರು. ಅದು ಪಂಪಿನ ಸೀಲುಗಳನ್ನು ತಿಂದುಹಾಕಿತು.

ಮಾಲೀಕರು ಕೋರ್ಟಿಗೆ ಹೋದರು. ಕೆಟ್ಟ ಕಾರು ಕೊಂಡವರಿಗೆ ರಕ್ಷಣೆ ಕೊಡುವ ಕಾನೂನುಗಳು ಒಂದೊಂದೇ ರಾಜ್ಯದಲ್ಲಿ ಬಂದ ಕಾಲವೂ ಇದೇ. 1985ಕ್ಕೆ ಆ ಎಂಜಿನ್ ನಿಂತಿತು. ಅಷ್ಟು ಹೊತ್ತಿಗೆ ಪೆಟ್ರೋಲೂ ಮತ್ತೆ ಅಗ್ಗವಾಗಿತ್ತು. ಆ ವರ್ಷಗಳಲ್ಲೇ ಮರ್ಸಿಡಿಸ್‌ನ ಡೀಸೆಲ್ ಕಾರುಗಳು ಅಮೆರಿಕದಲ್ಲಿ ಲಕ್ಷಾಂತರ ಮೈಲಿ ಓಡಿದವು, ಕೆಲವು ಈಗಲೂ ಓಡುತ್ತಿವೆ. ಆದರೆ ಸಾಮಾನ್ಯ ಮನೆಗಳಿಗೆ ಬಂದಿದ್ದು ಓಲ್ಡ್ಸ್‌ಮೊಬೈಲ್. ಅಪ್ಪನ ಕಾರು ಮೂರು ಸಲ ಟೋ ಆಗಿ ಬಂದಿದ್ದನ್ನು ನೋಡಿದ ಮಕ್ಕಳು ದೊಡ್ಡವರಾದ ಮೇಲೆ ಡೀಸೆಲ್ ಕಾರಿನ ಶೋರೂಮ್ ಕಡೆ ತಿರುಗಿ ನೋಡುತ್ತಾರೆಯೇ?

ಇಷ್ಟಾದರೂ ಡೀಸೆಲ್ ವಾಪಸ್ ಬರಬಹುದಿತ್ತು. ಬರದಂತೆ ತಡೆದಿದ್ದು ಗಾಳಿಯ ಕಾನೂನು. ನನ್ನ ಲೆಕ್ಕದಲ್ಲಿ ಇದೇ ದೊಡ್ಡ ಕಾರಣ.

1943ರ ಜುಲೈಯಲ್ಲಿ ಒಂದು ದಿನ ಲಾಸ್ ಏಂಜಲೀಸ್ ಊರಿಗೆ ಕಂದು ಹೊಗೆ ಕವಿಯಿತು. ಕಣ್ಣು ಉರಿ, ಗಂಟಲು ಉರಿ. ಯುದ್ಧದ ಕಾಲ. ಜಪಾನಿನವರು ವಿಷದ ಗಾಳಿ ಬಿಟ್ಟರೇನೋ ಅಂತ ಜನ ಹೆದರಿದರು. ಆರಿ ಹಾಗೆನ್-ಸ್ಮಿಟ್ ಅನ್ನುವ ವಿಜ್ಞಾನಿ ಮುಂದೆ ಅದರ ಮೂಲ ಹುಡುಕಿದರು. ಕಾರುಗಳಿಂದ ಬರುವ ನೈಟ್ರೋಜನ್ ಆಕ್ಸೈಡ್ ಮತ್ತು ಸುಡದೆ ಉಳಿದ ಇಂಧನದ ಆವಿ ಬಿಸಿಲಿನಲ್ಲಿ ಸೇರಿ ಓಝೋನ್ ಆಗುತ್ತದೆ. ನೆಲಮಟ್ಟದ ಆ ಓಝೋನ್ ಶ್ವಾಸಕೋಶಕ್ಕೆ ವಿಷ. 1967ರಲ್ಲಿ ಕ್ಯಾಲಿಫೋರ್ನಿಯಾ ಗಾಳಿಗೆಂದೇ ಒಂದು ಮಂಡಳಿ ಮಾಡಿದಾಗ ಅವರೇ ಮೊದಲ ಅಧ್ಯಕ್ಷರಾದರು. ಹೀಗಾಗಿ ಅಮೆರಿಕದ ಕಾನೂನಿಗೆ ಮೊದಲಿಂದಲೂ ನೈಟ್ರೋಜನ್ ಆಕ್ಸೈಡ್ ಮೇಲೆ ಕಣ್ಣು.

ಡೀಸೆಲ್ ಸಿಕ್ಕಿಬೀಳುವುದೇ ಅಲ್ಲಿ. ಡೀಸೆಲ್ ಎಂಜಿನ್ ಯಾವಾಗಲೂ ಬೇಕಾದ್ದಕ್ಕಿಂತ ಜಾಸ್ತಿ ಗಾಳಿ ಎಳೆದುಕೊಳ್ಳುತ್ತದೆ. ಬಿಸಿ ಜಾಸ್ತಿ, ಆಮ್ಲಜನಕ ಜಾಸ್ತಿ. ಹೊತ್ತಿಕೊಳ್ಳುವಾಗ ಗಾಳಿಯ ನೈಟ್ರೋಜನ್ನೇ ಸುಟ್ಟು ಆಕ್ಸೈಡ್ ಆಗುತ್ತದೆ. ಪೆಟ್ರೋಲ್ ಕಾರಿನಲ್ಲೂ ಆಗುತ್ತದೆ, ಆದರೆ ಸೈಲೆನ್ಸರಿಗೆ ಮುಂಚೆ ಇರುವ ಕ್ಯಾಟಲಿಟಿಕ್ ಕನ್ವರ್ಟರ್ ಅದನ್ನು ಮತ್ತೆ ಒಡೆಯುತ್ತದೆ. ಆ ಡಬ್ಬಿ ಹಾಗೆ ಕೆಲಸ ಮಾಡಬೇಕಾದರೆ ಹೊಗೆಯಲ್ಲಿ ಮಿಕ್ಕಿದ ಆಮ್ಲಜನಕ ಇರಬಾರದು. ಡೀಸೆಲ್ ಹೊಗೆಯಲ್ಲಿ ಅದು ಇದ್ದೇ ಇರುತ್ತದೆ.

2004ರಿಂದ ಹಂತಹಂತವಾಗಿ ಅಮೆರಿಕ ಹೊಸ ಅಳತೆ ತಂದಿತು. ಒಂದು ಕಂಪನಿಯ ಕಾರುಗಳ ಸರಾಸರಿ ಮೈಲಿಗೆ 0.07 ಗ್ರಾಂ ನೈಟ್ರೋಜನ್ ಆಕ್ಸೈಡ್ ದಾಟುವ ಹಾಗಿಲ್ಲ, ಪೆಟ್ರೋಲಾದರೂ ಅಷ್ಟೇ, ಡೀಸೆಲ್ಲಾದರೂ ಅಷ್ಟೇ. ಕಿಲೋಮೀಟರಿಗೆ ಹಾಕಿದರೆ ಸುಮಾರು 0.044 ಗ್ರಾಂ. ಆಗ ಯುರೋಪಿನಲ್ಲಿ ಪೆಟ್ರೋಲ್ ಕಾರಿಗೆ 0.08, ಡೀಸೆಲ್ ಕಾರಿಗೆ 0.25 ಗ್ರಾಂ. ಯುರೋಪು ಡೀಸೆಲ್ಲಿಗೆ ಬೇರೆ, ಸಡಿಲ ಅಳತೆ ಇಟ್ಟಿತ್ತು. ನಮ್ಮ ದೇಶದ ಹೊಗೆ ನಿಯಮವಾಗಿದ್ದ ಬಿಎಸ್-4 ಕೂಡ ಅದೇ ಅಳತೆಯನ್ನು ತಂದುಕೊಂಡಿತ್ತು. ಯುರೋಪಿನ ಡೀಸೆಲ್ ಕಾರು ಅಮೆರಿಕಕ್ಕೆ ಬರಬೇಕಾದರೆ ಮಸಿ ಹಿಡಿಯುವ ಫಿಲ್ಟರ್, ನೈಟ್ರೋಜನ್ ಆಕ್ಸೈಡ್ ಒಡೆಯಲು ಯೂರಿಯಾ ನೀರು ಚಿಮ್ಮಿಸುವ ವ್ಯವಸ್ಥೆ ಎಲ್ಲ ಕಟ್ಟಿಕೊಂಡು ಬರಬೇಕಿತ್ತು. ಗದ್ದೆಗೆ ಹಾಕುತ್ತೇವಲ್ಲ, ಅದೇ ಯೂರಿಯಾ, ಶುದ್ಧ ಮಾಡಿ ನೀರಿನಲ್ಲಿ ಕರಗಿಸಿದ್ದು. ಅದೆಲ್ಲದಕ್ಕೂ ದುಡ್ಡು, ಜಾಗ, ನಿಗಾ ಬೇಕು. ಮೈಸೂರಿನ ಒಳಗೇ ದಿನಾ ಮೂರು ಕಿಲೋಮೀಟರ್ ಓಡಾಡಿ ನನ್ನ ಡೀಸೆಲ್ ಕಾರಿನ ಫಿಲ್ಟರ್ ದೀಪ ಹತ್ತಿಕೊಂಡಿತ್ತು. ಮೆಕ್ಯಾನಿಕ್ ಹುಡುಗ, "ಸುಮ್ನೆ ಮಂಡ್ಯದವರೆಗೂ ಒಂದೇ ಸ್ಪೀಡಲ್ಲಿ ಹೋಗಿ ಬನ್ನಿ ಸಾರ್, ಮಸಿ ಸುಟ್ಟುಹೋಗುತ್ತೆ" ಅಂದ. ಹೋಗಿ ಬಂದೆ, ದೀಪ ಆರಿತು.

ಫೋಕ್ಸ್‌ವ್ಯಾಗನ್ ತನ್ನ ಡೀಸೆಲ್ ಕಾರುಗಳು ಈ ಅಳತೆ ಮುಟ್ಟಿವೆ ಅಂತ ಹೇಳಿ ಮಾರಿತು. ಜನ ನಂಬಿದರು. ಪರಿಸರದ ಕಾಳಜಿ ಇದ್ದವರೇ ಹೆಚ್ಚಾಗಿ ಕೊಂಡರು. 2013ರಲ್ಲಿ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಸಣ್ಣ ತಂಡವೊಂದು ಈ ಕಾರುಗಳ ಹೊಗೆಯನ್ನು ರಸ್ತೆಯ ಮೇಲೆಯೇ ಅಳೆಯಲು ಹೊರಟಿತು. ಆ ತಂಡದಲ್ಲಿದ್ದ ಹೇಮಂತ್ ಕಪ್ಪಣ್ಣ ನಮ್ಮ ಬೆಂಗಳೂರಿನವರು. ಕೆಲಸ ಕೊಟ್ಟವರ ಉದ್ದೇಶ ಕಳ್ಳನನ್ನು ಹಿಡಿಯುವುದಾಗಿರಲಿಲ್ಲ. ಅಮೆರಿಕದಲ್ಲಿ ಶುದ್ಧ ಡೀಸೆಲ್ ಸಾಧ್ಯವಾದರೆ ಯುರೋಪಿನಲ್ಲೂ ಸಾಧ್ಯ ಅಂತ ತೋರಿಸುವುದಾಗಿತ್ತು. ಡಿಕ್ಕಿಯ ತುಂಬ ಅಳತೆ ಯಂತ್ರಗಳು, ಸೈಲೆನ್ಸರಿಗೆ ಪೈಪು, ಯಂತ್ರಕ್ಕೆ ಕರೆಂಟ್ ಬೇಕಲ್ಲ ಅಂತ ಹಿಂದೆ ಕಟ್ಟಿದ ಜನರೇಟರ್. ಹೀಗೇ ಒಂದು ಪಸಾಟ್ ಕಾರನ್ನು ಲಾಸ್ ಏಂಜಲೀಸ್‌ನಿಂದ ಸಿಯಾಟಲ್‌ವರೆಗೂ ಓಡಿಸಿ ತಂದರು.

ಲ್ಯಾಬಿನ ರೋಲರ್ ಮೇಲೆ ಪಾಸಾದ ಕಾರುಗಳು ರಸ್ತೆಯಲ್ಲಿ ಬೇರೆಯೇ ಲೆಕ್ಕ ತೋರಿಸಿದವು. ಪಸಾಟ್ ಮಿತಿಗಿಂತ 5ರಿಂದ 20 ಪಟ್ಟು, ಅದೇ ಕಂಪನಿಯ ಜೆಟ್ಟಾ 15ರಿಂದ 35 ಪಟ್ಟು ನೈಟ್ರೋಜನ್ ಆಕ್ಸೈಡ್ ಉಗುಳಿದವು. ಮೂರನೆಯದು ಬಿಎಂಡಬ್ಲ್ಯೂ ಕಾರು. ಅದು ಬಹುಪಾಲು ಮಿತಿಯೊಳಗೇ ಇತ್ತು. ಅಂದರೆ ಶುದ್ಧ ಡೀಸೆಲ್ ಸಾಧ್ಯವಿತ್ತು, ಖರ್ಚು ಮಾಡುವ ಮನಸ್ಸಿದ್ದರೆ. ಫೋಕ್ಸ್‌ವ್ಯಾಗನ್ ಕಾರಿನ ಕಂಪ್ಯೂಟರಿಗೆ ತಾನು ಪರೀಕ್ಷೆಯಲ್ಲಿದ್ದೇನೋ ರಸ್ತೆಯಲ್ಲೋ ಅನ್ನುವುದು ಗೊತ್ತಾಗುತ್ತಿತ್ತು. ಪರೀಕ್ಷೆಯಾದರೆ ಹೊಗೆ ತೊಳೆಯುತ್ತಿತ್ತು, ರಸ್ತೆಯಾದರೆ ಬಿಟ್ಟುಬಿಡುತ್ತಿತ್ತು.

2015ರ ಸೆಪ್ಟೆಂಬರ್ 18ರಂದು ಅಮೆರಿಕ ಸರ್ಕಾರ ಇದನ್ನು ಬಯಲಿಗಿಟ್ಟಿತು. ಲೋಕದಾದ್ಯಂತ ಅಂಥ 1.1 ಕೋಟಿ ಕಾರುಗಳಿದ್ದವು. ಮರುವರ್ಷ ಆದ ಒಪ್ಪಂದವೊಂದರಲ್ಲೇ ಕಂಪನಿ 1,470 ಕೋಟಿ ಡಾಲರ್‌ವರೆಗೆ ಕೊಡಲು ಒಪ್ಪಿತು. ಅಮೆರಿಕದಲ್ಲಿ ಡೀಸೆಲ್ ಕಾರು ಮಾರುವುದನ್ನೂ ನಿಲ್ಲಿಸಿತು.

ಆ ಕಾನೂನು ಬಿಗಿಯಾಗಿದ್ದೇ ಸರಿ ಅನ್ನುವವನು ನಾನು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2012ರಲ್ಲಿ ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಅಂತ ಖಚಿತವಾಗಿ ಹೇಳಿತು. ಮೂವತ್ತು ವರ್ಷ ಶೆಡ್ಡಿನಲ್ಲಿ ನಿಂತ ನೀವು ಸಂಜೆ ಮೂಗು ಒರೆಸಿಕೊಂಡಾಗ ಕರ್ಚೀಫಿಗೆ ಬಂದ ಕಪ್ಪನ್ನು ನೋಡಿರುತ್ತೀರಿ. ಮೈಲೇಜ್ ಲಾಭ ಕಾರಿನ ಒಳಗಿನವನಿಗೆ, ಹೊಗೆ ಹಿಂದಿನ ಸ್ಕೂಟರಿನವನಿಗೆ. ನಮ್ಮಲ್ಲೂ 2020ರ ಏಪ್ರಿಲ್‌ನಿಂದ ಬಿಎಸ್-6 ಬಂದು ಅಳತೆ ಬಿಗಿಯಾಯಿತು. ಆಗ ಮಾರುತಿ ಡೀಸೆಲ್ ಕಾರುಗಳನ್ನೇ ಕೈಬಿಟ್ಟಿತು. ಖರ್ಚಿನ ಲೆಕ್ಕ ಅಲ್ಲೂ ಇಲ್ಲೂ ಒಂದೇ.

ಇನ್ನು ಪಿಕಪ್. ಟೊಯೋಟಾ ಹೈಲಕ್ಸ್ ಥರದ, ಹೊರದೇಶದ ಸಣ್ಣ ಡೀಸೆಲ್ ಪಿಕಪ್‌ಗಳು ಅಲ್ಲಿ ಕಾಣದಿರಲು ಇನ್ನೊಂದು ಕಾರಣವೂ ಇದೆ. ಅದು ಕೋಳಿ. 1960ರ ದಶಕದಲ್ಲಿ ಯುರೋಪಿನವರು ಅಮೆರಿಕದ ಕೋಳಿಮಾಂಸಕ್ಕೆ ಸುಂಕ ಏರಿಸಿದರು. ಅದಕ್ಕೆ ಎದುರೇಟಾಗಿ ಅಮೆರಿಕ ಹೊರಗಿನಿಂದ ಬರುವ ಸಣ್ಣ ಟ್ರಕ್‌ಗಳ ಮೇಲೆ ನೂರಕ್ಕೆ 25ರಷ್ಟು ಸುಂಕ ಹಾಕಿತು. ಕೋಳಿ ಜಗಳ ಮರೆತುಹೋಯಿತು, ಸುಂಕ ಉಳಿಯಿತು.

ನಿಮ್ಮ ಮಗಳ ಪಕ್ಕದ ಮನೆಯವರದು ದೊಡ್ಡ ಪಿಕಪ್ ಇರಬೇಕು. ಅದರಲ್ಲಿ ಡೀಸೆಲ್ ಇಂದಿಗೂ ಗಟ್ಟಿಯಾಗಿದೆ. 1989ರ ಮಾಡೆಲ್‌ನಿಂದ ಡಾಜ್ ಪಿಕಪ್‌ಗೆ 5.9 ಲೀಟರಿನ ಕಮ್ಮಿನ್ಸ್ ಎಂಜಿನ್ ಬಂತು. ಓಲ್ಡ್ಸ್‌ಮೊಬೈಲ್ ಮಾಡಿದ ತಪ್ಪನ್ನು ಇಲ್ಲಿ ಮಾಡಲಿಲ್ಲ, ಲಾರಿ, ಟ್ರ್ಯಾಕ್ಟರ್ ಥರದ ಕೆಲಸಕ್ಕೆ ಕಟ್ಟಿದ್ದ ಎಂಜಿನ್ನನ್ನೇ ತಂದು ಕೂರಿಸಿದರು. ಫೋರ್ಡ್, ಷೆವರ್ಲೆ ಪಿಕಪ್‌ಗಳಿಗೆ ದೊಡ್ಡ ಡೀಸೆಲ್ ಅದಕ್ಕೂ ಮುಂಚೆಯೇ, 1980ರ ದಶಕದ ಮೊದಲಲ್ಲೇ ಬಂದಿತ್ತು. ಇವುಗಳ ಲೆಕ್ಕವೇ ಬೇರೆ. ಲೋಡಿನ ಸಮೇತ 8,500 ಪೌಂಡ್, ಅಂದರೆ ಸುಮಾರು 3,850 ಕಿಲೋ ದಾಟುವ ಗಾಡಿಗಳಿಗೆ ಹೊಗೆಯ ನಿಯಮ ಬೇರೆ. ಶೋರೂಮಿನಲ್ಲಿ ಮೈಲೇಜ್ ಚೀಟಿ ಅಂಟಿಸಬೇಕಾಗಿಯೂ ಇಲ್ಲ. ನಾಲ್ಕು ಕುದುರೆ ನಿಲ್ಲಿಸಿದ ಟ್ರೇಲರ್ ಕಟ್ಟಿಕೊಂಡು ಏರು ಹತ್ತಿಸುವವನಿಗೆ ಬೇಕಾಗಿರುವುದು ಎಳೆಯುವ ಶಕ್ತಿ. ಅದಕ್ಕಾಗಿ ಅವನು ಹತ್ತು ಸಾವಿರ ಡಾಲರ್ ಹತ್ತಿರ ಜಾಸ್ತಿ ಕೊಟ್ಟೂ ಡೀಸೆಲ್ಲನ್ನೇ ಕೊಳ್ಳುತ್ತಾನೆ. ಈಗಿನ ಗಾಡಿಯಾದರೆ ಅದಕ್ಕೂ ಯೂರಿಯಾ ಟ್ಯಾಂಕ್ ಇದೆ. ಅದರ ಮುಚ್ಚಳ ನೀಲಿ.