ಮಂಡ್ಯದ ಕಡೆ ತೋಟದ ಮಣ್ಣಿನ ಕಟ್ಟೆಯ ಏರಿ ಬುಡದಲ್ಲಿ ನೀರು ಒಸರುತ್ತಿದ್ದರೆ ಅಪಾಯವೇ?

ಒಸರುವುದೇ ಅಪಾಯವಲ್ಲ. ಮಣ್ಣಿನ ಏರಿ ಸ್ವಲ್ಪ ಒಸರಿಯೇ ಒಸರುತ್ತದೆ. ನೋಡಬೇಕಾದ್ದು ನೀರಿನ ಬಣ್ಣ. ಗಾಜಿನ ಬಾಟಲಿಯಲ್ಲಿ ಹಿಡಿದು ಒಂದು ಗಂಟೆ ಇಡಿ. ತಳದಲ್ಲಿ ಮಣ್ಣು ಕೂತರೆ ಏರಿಯ ಒಳಗೆ ಕೊರೆತ ಶುರುವಾಗಿದೆ ಎಂದರ್ಥ. ಅದು ಕೆಲವೇ ಗಂಟೆಗಳಲ್ಲಿ ಸುರಂಗವಾಗಿ ಏರಿಯನ್ನೇ ಒಡೆಯಬಹುದು. ತಿಳಿನೀರಾದರೆ ಒಂದು ಬಕೆಟ್ ತುಂಬಲು ಎಷ್ಟು ಹೊತ್ತು ಬೇಕೆಂದು ವಾರಕ್ಕೊಮ್ಮೆ ಬರೆದಿಡಿ. ಕಟ್ಟೆಯ ಮಟ್ಟ ಅಷ್ಟೇ ಇದ್ದು ಒಸರು ಹೆಚ್ಚಿದರೆ ಎಂಜಿನಿಯರನ್ನು ಕರೆಸಿ.

ಮಣ್ಣು ಬೆರೆತ ಕೆಂಪು ನೀರು ಬಂದರೆ ತೂಬು (ಕಟ್ಟೆಯ ನೀರು ಹೊರಬಿಡುವ ಕಿಂಡಿ) ತೆರೆದು ಮಟ್ಟ ಇಳಿಸಿ, ಕೆಳಗಿನ ಮನೆಯವರಿಗೆ ತಕ್ಷಣ ತಿಳಿಸಿ. ನೀರು ಹೊರಬರುವ ಬಾಯಿಗೆ ಜೇಡಿಮಣ್ಣು ಮೆತ್ತಬೇಡಿ, ನೀರು ಬೇರೆಡೆ ಕೊರೆಯುತ್ತದೆ. ಮೊದಲು ದಪ್ಪ ಮರಳು, ಮೇಲೆ ಜಲ್ಲಿ, ಅದರ ಮೇಲೆ ಸೈಜುಗಲ್ಲಿನ ಭಾರ: ನೀರು ಹೊರಗೆ ಬರಲಿ, ಮಣ್ಣು ಒಳಗೇ ನಿಲ್ಲಲಿ.

ಕೊರೆತ ಹೆಚ್ಚಾಗಿ ಏರಿ ದಾಟುವ ಪೈಪಿನ ಪಕ್ಕ, ಹೆಗ್ಗಣದ ಬಿಲ, ಕೊಳೆತ ಬೇರಿನ ಜಾಡಿನಲ್ಲೇ ಶುರುವಾಗುತ್ತದೆ. ಆದ್ದರಿಂದ ಏರಿ ಮೇಲೆ ಹುಲ್ಲು ಸಾಕು, ಮರ ಬೇಡ.

ಇನ್ನು ಕೋಡಿ, ಅಂದರೆ ಕಟ್ಟೆ ತುಂಬಿದಾಗ ಹೆಚ್ಚಿನ ನೀರು ಹರಿದುಹೋಗುವ ದಾರಿ. ಹೆಚ್ಚು ನೀರು ನಿಲ್ಲಲೆಂದು ಅಲ್ಲಿ ಮರಳಿನ ಚೀಲ ಒಟ್ಟುವುದು ದೊಡ್ಡ ತಪ್ಪು. ಸೆಪ್ಟೆಂಬರ್-ಅಕ್ಟೋಬರಿನ ಜೋರು ಮಳೆಗೆ ನೀರು ಏರಿಯ ಮೇಲೇ ಹರಿದರೆ ಮಣ್ಣು ತಡೆಯುವುದಿಲ್ಲ.